ಕೈ ನಡುಗದ ಕುಡುಕ ಪತ್ತೇದಾರರು: ವಾರ್ಡ್ ಸಿಸ್ಟರ್ ಒಬ್ಬಳು ನೋಡಿದ ಕೆಲವು ಸಿನಿಮಾಗಳು

ಪತ್ತೇದಾರಿ ಸಿನಿಮಾದ ಹೀರೋ ರಾತ್ರಿಯಿಡೀ ಕುಡಿಯುತ್ತಾನೆ. ಬೆಳಿಗ್ಗೆ ಫೋನ್ ಬರುತ್ತದೆ. ಮುಖಕ್ಕೆ ನೀರು ಎರಚಿಕೊಂಡು, ಶರ್ಟ್ ಬದಲಿಸಿ ಹೊರಡುತ್ತಾನೆ. ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಉಳಿದ ಪೊಲೀಸರಿಗೆ ಕಾಣದ್ದನ್ನು ಕಂಡುಹಿಡಿಯುತ್ತಾನೆ. ಎಷ್ಟೋ ಸಿನಿಮಾಗಳಲ್ಲಿ ಇದನ್ನೇ ನೋಡಿದ್ದೇನೆ. ಅವನ ಕೈ ಮಾತ್ರ ನಡುಗುವುದೇ ಇಲ್ಲ.

ನಾನು ಕಾರವಾರದ ಕಡೆಯ ಆಸ್ಪತ್ರೆಯೊಂದರಲ್ಲಿ ಪುರುಷರ ವಾರ್ಡಿನ ನರ್ಸ್. ವರ್ಷಗಟ್ಟಲೆ ಕುಡಿದವರು ಜ್ವರ ಅಂತಲೋ, ಕಾಲು ಮುರಿದು ಅಂತಲೋ ಬಂದು ಸೇರುತ್ತಾರೆ. ಕೊನೆಯ ಗುಟುಕು ಇಳಿದು ಆರೆಂಟು ಗಂಟೆ ಆಗುತ್ತಿದ್ದ ಹಾಗೆ ನಡುಕ ಶುರುವಾಗುತ್ತದೆ. ಚಹಾ ಕೊಟ್ಟರೆ ಅರ್ಧ ಲೋಟ ಹಾಸಿಗೆ ಮೇಲೆ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು-ಮೂರನೇ ದಿನ ಭ್ರಮೆ. ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ. ಬೋಟಿನಲ್ಲಿ ದುಡಿಯುವವರು ಬಲೆ ಎಳೆಯುತ್ತಿದ್ದೇವೆ ಅಂದುಕೊಂಡು ಬೆಡ್‌ಶೀಟ್ ಎಳೆಯುತ್ತಾರೆ. ಇದನ್ನು ದಿನಾ ನೋಡುವ ನನಗೆ ಇಂಥ ಸಿನಿಮಾ ಹಾಕಿದ ಕೂಡಲೇ ಕಣ್ಣು ಹೋಗುವುದು ಹೀರೋನ ಕೈಗೆ.

ಪತ್ತೇದಾರಿ ಕಥೆ ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಾಣ. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಲೈಬ್ರರಿಯಿಂದ ತಂದು, ಅಣ್ಣ ಓದಿ ಮುಗಿಸುವುದನ್ನೇ ಕಾದು ಕೂತು ಓದಿದವಳು ನಾನು. ಅಣ್ಣ ಆಮೇಲೆ ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋದ. ಆಮೇಲೆ ಕುಡಿತಕ್ಕೆ ಬಿದ್ದ. ಈಗ ಬಿಟ್ಟಿದ್ದಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಬಿಟ್ಟವರಿಗೆ ಆ ಎರಡು ತಿಂಗಳು ಬಹಳ ಕಷ್ಟದ ಕಾಲ. ಕೈಯಲ್ಲಿ ಕೆಲಸ ಇಲ್ಲ, ಹೊರಗೆ ಬಿಡದ ಮಳೆ, ಮಾಜಾಳಿ ಗೇಟ್ ದಾಟಿದರೆ ಗೋವಾ, ಅಲ್ಲಿ ಬಾಟಲಿ ಅಗ್ಗ. ಹಾಗಾಗಿ ಮಳೆಗಾಲದ ರಾತ್ರಿಗಳಲ್ಲಿ ಕೋಡಿಬಾಗದ ಅಣ್ಣನ ಮನೆಯಲ್ಲಿ ಸಿನಿಮಾ ನೋಡುತ್ತೇವೆ. ಅಣ್ಣ, ಅತ್ತಿಗೆ, ನಾನು. ಕುಡಿಯುವ ಪತ್ತೇದಾರರ ಸಿನಿಮಾ ಬೇಕು ಅಂತ ಕೇಳಿದವನು ಅಣ್ಣನೇ. “ನನ್ನಂಥವನು ಕೇಸು ಹಿಡೀತಾನಾ ನೋಡ್ಬೇಕು ತಂಗೀ” ಅಂದ.

ಮೊದಲು ಹಳೆಯದು, ‘ದಿ ಥಿನ್ ಮ್ಯಾನ್’. 1934ರ ಕಪ್ಪು-ಬಿಳುಪು ಚಿತ್ರ. ವಿಲಿಯಂ ಪವೆಲ್ ಮತ್ತು ಮಿರ್ನಾ ಲಾಯ್ ಗಂಡ-ಹೆಂಡತಿ ನಿಕ್ ಮತ್ತು ನೋರಾ ಆಗಿದ್ದಾರೆ. ಜೊತೆಗೆ ಆಸ್ಟಾ ಅನ್ನುವ ಮುದ್ದು ನಾಯಿ. ಅಮೆರಿಕದಲ್ಲಿ ಮದ್ಯ ನಿಷೇಧ ತೆರವಾಗಿದ್ದು 1933ರ ಡಿಸೆಂಬರಿನಲ್ಲಿ. ಅದಾದ ಕೆಲವೇ ತಿಂಗಳಿಗೆ ಬಂದ ಸಿನಿಮಾ ಇದು, ಆ ಸಂಭ್ರಮ ಒಂದೊಂದು ದೃಶ್ಯದಲ್ಲೂ ತುಂಬಿದೆ. ನಿಕ್ ಪರಿಚಯವಾಗುವುದೇ ಬಾರಿನಲ್ಲಿ, ಮಾರ್ಟಿನಿಯನ್ನು ಯಾವ ತಾಳಕ್ಕೆ ಕುಲುಕಬೇಕು ಅಂತ ಪಾಠ ಹೇಳುತ್ತಾ. ಗಂಡ ಆಗಲೇ ಆರು ಗ್ಲಾಸ್ ಮುಗಿಸಿದ್ದಾನೆ ಅಂತ ಗೊತ್ತಾಗಿ, ನೋರಾ ತನಗೂ ಐದು ಸಾಲಾಗಿ ತಂದಿಡಲು ಹೇಳುತ್ತಾಳೆ. ಮಾತುಗಳು ಚುರುಕು, ಜೋಡಿ ಬಹಳ ಚಂದ. ನಾವು ಮೂವರೂ ನಕ್ಕಿದ್ದೇವೆ.

ಆದರೆ ಈ ಕಥೆ ಬರೆದ ಡ್ಯಾಶಿಯಲ್ ಹ್ಯಾಮೆಟ್ ಬಗ್ಗೆ ತಿಳಿದ ಮೇಲೆ ನನಗೆ ಅದೇ ನಗು ಬರಲಿಲ್ಲ. ಹ್ಯಾಮೆಟ್ ಕಾದಂಬರಿ ಬರೆಯುವ ಮೊದಲು ಪಿಂಕರ್ಟನ್ ಅನ್ನುವ ಸಂಸ್ಥೆಯಲ್ಲಿ ನಿಜವಾದ ಪತ್ತೇದಾರ. ಜೋರು ಕುಡಿತ ಇತ್ತು. ‘ದಿ ಥಿನ್ ಮ್ಯಾನ್’ ಅವರ ಕೊನೆಯ ಕಾದಂಬರಿ. 1961ರಲ್ಲಿ ತೀರಿಹೋಗುವವರೆಗೆ ಇನ್ನೊಂದು ಕಾದಂಬರಿ ಮುಗಿಸಲಿಲ್ಲ. 1948ರಲ್ಲಿ, ನಾನು ಮೇಲೆ ಹೇಳಿದ ಆ ಭ್ರಮೆಯ ಕಾಯಿಲೆಯಿಂದಲೇ ಆಸ್ಪತ್ರೆ ಸೇರಿದರು. ಇನ್ನು ಕುಡಿದರೆ ಬದುಕುವುದಿಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ಬಿಟ್ಟರು. ಅಷ್ಟು ಹಗುರಾಗಿ ಕುಡಿಯುವ ನಿಕ್‌ನನ್ನು ಹುಟ್ಟಿಸಿದ ಮನುಷ್ಯ ನಮ್ಮ ವಾರ್ಡಿನಲ್ಲಿ ಮಲಗುವವರ ಹಾಗೇ ಮಲಗಿದ್ದರು. ಸಿನಿಮಾ ನೋಡಿ, ನೋಡಬೇಡಿ ಅನ್ನುವುದಿಲ್ಲ. ಮನೆಯಲ್ಲಿ ಹೊಸದಾಗಿ ಬಿಟ್ಟವರು ಇದ್ದರೆ ಅವರ ಜೊತೆ ಮಾತ್ರ ಬೇಡ. ಅಷ್ಟು ಮಜಾ ಮಾಡಿಕೊಂಡು ಕುಡಿಯುತ್ತಾರೆ.

‘ದಿ ಸ್ನೋಮ್ಯಾನ್’ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. 2017ರದ್ದು, ಯೂ ನೆಸ್ಬೋ ಅವರ ಕಾದಂಬರಿ ಆಧಾರಿತ, ಮೈಕೆಲ್ ಫಾಸ್‌ಬೆಂಡರ್ ನಾರ್ವೆಯ ಪತ್ತೇದಾರ. ಹಿಮದಲ್ಲಿ ಹೊರಗೆ ಬಿದ್ದುಕೊಂಡವನು ಎದ್ದು ಕೇಸಿಗೆ ಹೋಗುತ್ತಾನೆ, ಅಷ್ಟೇ ಅವನ ಕುಡಿತ. ಕಥೆಯ ಎಳೆಗಳು ಅಲ್ಲಲ್ಲೇ ತುಂಡಾಗುತ್ತವೆ. ಸ್ಕ್ರಿಪ್ಟಿನ ಹತ್ತು-ಹದಿನೈದು ಶೇಕಡಾದಷ್ಟು ಚಿತ್ರೀಕರಣವೇ ಆಗಿರಲಿಲ್ಲ ಅಂತ ನಿರ್ದೇಶಕರೇ ಹೇಳಿದ್ದಾರೆ. ಬಾಡಿಗೆ ಕೊಟ್ಟು ನೋಡಬೇಡಿ.

ಮಲಯಾಳಂನ ‘ಮೆಮೊರೀಸ್’ 2013ರದ್ದು. ಜೀತು ಜೋಸೆಫ್ ಅದೇ ವರ್ಷ ‘ದೃಶ್ಯಂ’ ಕೂಡ ಮಾಡಿದರು, ಅದರ ಅಬ್ಬರದಲ್ಲಿ ಇದನ್ನು ನಮ್ಮಲ್ಲಿ ಬಹಳ ಜನ ನೋಡಿಲ್ಲ. ಪೃಥ್ವಿರಾಜ್ ಇದರಲ್ಲಿ ಸ್ಯಾಮ್ ಅಲೆಕ್ಸ್ ಅನ್ನುವ ಪೊಲೀಸ್ ಅಧಿಕಾರಿ. ಕಣ್ಣೆದುರೇ ಹೆಂಡತಿ-ಮಗಳ ಕೊಲೆಯಾಗುತ್ತದೆ. ಹೆಂಡತಿಯ ಪಾತ್ರದಲ್ಲಿ ನಮ್ಮ ಮೇಘನಾ ರಾಜ್ ಇದ್ದಾರೆ. ಅಲ್ಲಿಂದ ಮುಂದೆ ಸ್ಯಾಮ್‌ಗೆ ಕುಡಿಯುವುದೊಂದೇ ಕೆಲಸ. ತಾಯಿಯ ಮಾತಿಗೆ ಕಟ್ಟುಬಿದ್ದು ಒಂದು ಸರಣಿ ಕೊಲೆಯ ತನಿಖೆಗೆ ಇಳಿಯುತ್ತಾನೆ, ಬಾಟಲಿ ಬಿಡದೆಯೇ.

ಕೇಸು ಬಿಗಿಯಾಗಿದೆ. ಕೊಲೆಗಾರ ಯಾಕೆ ಇವರನ್ನೇ ಆರಿಸುತ್ತಿದ್ದಾನೆ ಅನ್ನುವ ಪ್ರಶ್ನೆ ಕೊನೆಯವರೆಗೂ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಪೃಥ್ವಿರಾಜ್ ದುಃಖವನ್ನು ಚೆನ್ನಾಗಿ ಹೊತ್ತಿದ್ದಾರೆ. ನನ್ನ ತಕರಾರು ಒಂದೇ. ಇಷ್ಟು ಕುಡಿಯುವ ಮನುಷ್ಯನ ತಲೆ ಇಷ್ಟು ಚುರುಕಾಗಿ ಓಡುವುದಿಲ್ಲ. ಊಟ ಬಿಟ್ಟು ಬರೀ ಕುಡಿಯುವವರಿಗೆ ಥಯಾಮಿನ್ ಕೊರತೆ ಆಗುತ್ತದೆ, ಅಂದರೆ ಬಿ1 ವಿಟಮಿನ್. ಅದು ಮೆದುಳಿಗೇ ಪೆಟ್ಟು. ನಡೆಯುವಾಗ ತೂರಾಡುತ್ತಾರೆ, ಕಣ್ಣಿನ ಚಲನೆ ಕೆಡುತ್ತದೆ, ನಿನ್ನೆಯ ಮಾತು ನೆನಪಿರುವುದಿಲ್ಲ. ಅದಕ್ಕೇ ಅಂಥವರು ವಾರ್ಡಿಗೆ ಬಂದ ಕೂಡಲೇ ಥಯಾಮಿನ್ ಇಂಜೆಕ್ಷನ್ ಕೊಡುತ್ತೇವೆ. ಸ್ಯಾಮ್‌ನ ದೇಹ ಇಂಥ ಯಾವ ಲೆಕ್ಕವನ್ನೂ ಕೇಳುವುದಿಲ್ಲ. ಪರದೆಯ ಮೂಲೆಯಲ್ಲಿ ಮದ್ಯಪಾನ ಹಾನಿಕರ ಅನ್ನುವ ಅಕ್ಷರ ಓಡುತ್ತಿರುತ್ತದೆ. ಹಾನಿ ಏನು ಅಂತ ಕಥೆಯ ಒಳಗೆ ತೋರಿಸಿದ್ದರೆ ಸಾಕಿತ್ತು.

ಅತ್ತಿಗೆಗೆ ಮಾತ್ರ ಈ ಸಿನಿಮಾ ಬಹಳ ಹಿಡಿಸಿತು. ಕಾರಣ ಆ ತಾಯಿ. ಮಗ ಕುಡಿದು ಬಂದಾಗ ಬೈಯುವುದಕ್ಕೂ ಆಗದೆ, ಸುಮ್ಮನಿರುವುದಕ್ಕೂ ಆಗದೆ ನಿಲ್ಲುವ ಆ ಮುಖ ನೋಡಿ ಅತ್ತಿಗೆ, “ಇದನ್ನ ಯಾರೋ ಮನೆಯಲ್ಲಿ ನೋಡಿಯೇ ಬರೆದಿದ್ದಾರೆ” ಅಂದರು. ಒಪ್ಪುತ್ತೇನೆ.

‘ದಿ ಗರ್ಲ್ ಆನ್ ದ ಟ್ರೇನ್’ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಪೌಲಾ ಹಾಕಿನ್ಸ್ ಅವರ 2015ರ ಕಾದಂಬರಿ, 2016ರಲ್ಲಿ ಸಿನಿಮಾ ಆಯಿತು. ಕಾದಂಬರಿ ಲಂಡನ್ನಿನದು, ಸಿನಿಮಾ ನ್ಯೂಯಾರ್ಕಿನದು. ರೇಚಲ್ ಪತ್ತೇದಾರಳಲ್ಲ. ಗಂಡ ಬಿಟ್ಟವಳು. ದಿನಾ ರೈಲಿನಲ್ಲಿ ಹೋಗುತ್ತಾ, ನೀರಿನ ಬಾಟಲಿಯಲ್ಲಿ ವೋಡ್ಕಾ ತುಂಬಿಕೊಂಡು ಹೀರುತ್ತಾ, ಹಳಿಯ ಪಕ್ಕದ ಮನೆಗಳನ್ನು ನೋಡುತ್ತಾಳೆ. ಆ ಮನೆಗಳ ಪೈಕಿ ಒಂದರ ಹೆಂಗಸು ಕಾಣೆಯಾಗುತ್ತಾಳೆ. ಆ ರಾತ್ರಿ ರೇಚಲ್ ಅಲ್ಲೇ ಸುತ್ತಮುತ್ತ ಇದ್ದಳು. ಮೈಮೇಲೆ ಗಾಯ ಇದೆ. ಏನಾಯಿತು ಅಂತ ನೆನಪೇ ಇಲ್ಲ.

ಇಲ್ಲಿ ಕುಡಿತವೇ ಕೇಸು. ಸಾಕ್ಷಿಯೂ ಅವಳೇ, ಅನುಮಾನವೂ ಅವಳ ಮೇಲೇ, ಹುಡುಕಬೇಕಾದ್ದು ಅವಳ ತಲೆಯೊಳಗೇ. ಎಮಿಲಿ ಬ್ಲಂಟ್ ಅದ್ಭುತವಾಗಿ ಮಾಡಿದ್ದಾರೆ. ಬಾತುಕೊಂಡ ಕಣ್ಣು, ಒಡೆದ ತುಟಿ, ಮಾತು ಸರಿಯಾಗಿಯೇ ಇದೆ ಅಂತ ತೋರಿಸಲು ಪಡುವ ಕಷ್ಟ. ಎದುರಿನವರಿಗೆ ವಾಸನೆ ಬರಬಾರದು ಅಂತ ಮುಖ ತಿರುಗಿಸಿ ಮಾತಾಡುವವರನ್ನು ನಾನು ಬಹಳ ನೋಡಿದ್ದೇನೆ. ರೇಚಲ್‌ಳಲ್ಲಿ ಆ ಅಳುಕು ಇದೆ.

ನೆನಪು ಹೋಗುವುದರ ಬಗ್ಗೆ ಒಂದು ಮಾತು. ಒಮ್ಮೆಲೇ ಜಾಸ್ತಿ ಕುಡಿದಾಗ ಮೆದುಳಿನಲ್ಲಿ ಹೊಸ ನೆನಪು ಕೂಡಿಡುವ ಭಾಗ, ಹಿಪ್ಪೋಕ್ಯಾಂಪಸ್, ಕೆಲಸ ನಿಲ್ಲಿಸುತ್ತದೆ. ಮನುಷ್ಯ ಬಿದ್ದಿರುವುದಿಲ್ಲ. ನಡೆಯುತ್ತಾನೆ, ಮಾತಾಡುತ್ತಾನೆ, ಜಗಳ ಆಡುತ್ತಾನೆ. ಆದರೆ ಯಾವುದೂ ಅಚ್ಚಾಗುವುದಿಲ್ಲ. ಕೆಲವೊಮ್ಮೆ ಚೂರುಪಾರು ಉಳಿದಿರುತ್ತದೆ, ಯಾರಾದರೂ ಸುಳಿವು ಕೊಟ್ಟರೆ ಅಷ್ಟು ಮರಳುತ್ತದೆ. ಪೂರ್ತಿ ಅಚ್ಚಾಗದೆ ಹೋದದ್ದು ಎಂದೂ ಬರುವುದಿಲ್ಲ. ಸಿನಿಮಾದ ಕೊನೆಯಲ್ಲಿ ರೇಚಲ್‌ಗೆ ನೆನಪು ಬರುವ ರೀತಿ ಸ್ವಲ್ಪ ಜಾಸ್ತಿಯೇ ಅನುಕೂಲಕರವಾಗಿದೆ. ಆದರೂ ಸಿನಿಮಾ ಒಂದು ಸತ್ಯವನ್ನು ಗಟ್ಟಿಯಾಗಿ ಹಿಡಿದಿದೆ. ನೆನಪಿಲ್ಲದವರಿಗೆ ನೀನು ಹೀಗೆ ಮಾಡಿದೆ ಅಂತ ಏನು ಹೇಳಿದರೂ ಅವರು ನಂಬಲೇಬೇಕು. ಅದನ್ನು ಉಪಯೋಗಿಸಿಕೊಳ್ಳುವವರು ಇರುತ್ತಾರೆ. ಇದಕ್ಕಿಂತ ಜಾಸ್ತಿ ಹೇಳಿದರೆ ಕಥೆ ಬಿಟ್ಟುಕೊಟ್ಟ ಹಾಗೆ.

ನಮ್ಮ ಮನೆಯಲ್ಲಿ ಇದು ತಿರುಗುಮುರುಗು ಆಗಿತ್ತು. ಅತ್ತಿಗೆ ಬೆಳಿಗ್ಗೆ ಎದ್ದು ನಿಜ ಹೇಳಿದರೂ ಅಣ್ಣ ನಂಬುತ್ತಿರಲಿಲ್ಲ. ನಿನ್ನೆ ನೀವು ಅಕ್ಕಿ ಡಬ್ಬಿ ಒದ್ದಿರಿ ಅಂದರೆ, ಸುಳ್ಳು ಹೇಳಬೇಡ ಅನ್ನುತ್ತಿದ್ದ. ಅವನು ನಾಟಕ ಮಾಡುತ್ತಿದ್ದಾನೆ ಅಂತ ಅತ್ತಿಗೆ ವರ್ಷಗಟ್ಟಲೆ ಅಂದುಕೊಂಡಿದ್ದರು. ಈ ಸಿನಿಮಾ ಮುಗಿದ ಮೇಲೆ ಅತ್ತಿಗೆ ಅವನನ್ನು ನೇರವಾಗಿ ಕೇಳಿದರು, ನಿಜವಾಗಿಯೂ ನಿಮಗೆ ನೆನಪಿರಲಿಲ್ಲವಾ ಅಂತ. ಇಲ್ಲ ಅಂದ. ಅತ್ತಿಗೆ ಆವತ್ತು ನಂಬಿದರು. ಒಂದು ಸಿನಿಮಾ ಇಷ್ಟು ಮಾಡಿದರೆ ಅದಕ್ಕೆ ಕೊಟ್ಟ ದುಡ್ಡು ಸಾರ್ಥಕ, ಅಲ್ವಾ?

ಇದೇ ಕಥೆಯ ಹಿಂದಿ ಆವೃತ್ತಿ 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು, ಪರಿಣೀತಿ ಚೋಪ್ರಾ ಮಾಡಿದ್ದಾರೆ. ಅದರಲ್ಲಿ ಅಪಘಾತದಿಂದ ಆದ ಮರೆವನ್ನೂ ಸೇರಿಸಿಬಿಟ್ಟಿದ್ದಾರೆ. ಹಾಗೆ ಮಾಡಿದ್ದರಿಂದ ಕುಡಿತದ ಭಾರ ಹಗುರಾಗಿದೆ. ಮೂಲವನ್ನೇ ನೋಡಿ.

ಅಣ್ಣನ ಆಯ್ಕೆ ಬೇರೆ. ಅವನಿಗೆ ಮ್ಯಾಟ್ ಸ್ಕಡರ್ ಅಂದರೆ ಸಾಕು. ಲಾರೆನ್ಸ್ ಬ್ಲಾಕ್ ಅವರ ಕಾದಂಬರಿಗಳ ನಾಯಕ ಇವನು. ಹಳೆಯ ಪೊಲೀಸ್, ಲೈಸೆನ್ಸ್ ಇಲ್ಲದ ಪತ್ತೇದಾರ, ಕುಡಿತ ಬಿಟ್ಟು, ಬಿಟ್ಟವರೇ ಸೇರಿ ಕೂರುವ ಸಭೆಗಳಿಗೆ ಹೋಗುವವನು. ಇವನ ಮೇಲೆ ಎರಡು ಸಿನಿಮಾ ಬಂದಿದೆ. 1986ರ ‘8 ಮಿಲಿಯನ್ ವೇಸ್ ಟು ಡೈ’ಯಲ್ಲಿ ಜೆಫ್ ಬ್ರಿಜಸ್. ನಿರ್ದೇಶಕ ಹಾಲ್ ಆಶ್ಬಿ ಅವರ ಕೊನೆಯ ಸಿನಿಮಾ. ಎಡಿಟಿಂಗ್ ಹೊತ್ತಿಗೆ ನಿರ್ಮಾಪಕರು ಅವರ ಕೈಯಿಂದ ಕಿತ್ತುಕೊಂಡರು, ಅದು ಸಿನಿಮಾದಲ್ಲಿ ಕಾಣುತ್ತದೆ. ದೃಶ್ಯಗಳು ಎಲ್ಲೋ ಶುರುವಾಗಿ ಎಲ್ಲೋ ಮುಗಿಯುತ್ತವೆ. ಆದರೆ ಬಿಟ್ಟವನು ಮತ್ತೆ ಕುಡಿದು ಬೀಳುವುದನ್ನು ಮುಚ್ಚಿಟ್ಟಿಲ್ಲ. ಅದಕ್ಕಾಗಿ ಒಮ್ಮೆ ನೋಡಬಹುದು.

2014ರ ‘ಎ ವಾಕ್ ಅಮಂಗ್ ದ ಟೂಮ್‌ಸ್ಟೋನ್ಸ್’ನಲ್ಲಿ ಲಿಯಾಂ ನೀಸನ್. ಸ್ಕಾಟ್ ಫ್ರಾಂಕ್ ನಿರ್ದೇಶನ. ಶುರುವಿನಲ್ಲೇ 1991ರ ಒಂದು ಬೆಳಿಗ್ಗೆ. ಸ್ಕಡರ್ ಬಾರಿನಲ್ಲಿ ಕಾಫಿ, ವಿಸ್ಕಿ ಇಟ್ಟುಕೊಂಡು ಪೇಪರ್ ಓದುತ್ತಿದ್ದಾನೆ. ದರೋಡೆಕೋರರು ಬರುತ್ತಾರೆ, ಗುಂಡು ಹಾರುತ್ತದೆ, ಇವನು ಬೆನ್ನಟ್ಟುತ್ತಾನೆ. ನೋಡುವಾಗ ಇದು ಶೌರ್ಯದ ದೃಶ್ಯ ಅನಿಸುತ್ತದೆ. ಆ ಬೆಳಿಗ್ಗೆ ನಿಜವಾಗಿ ಏನಾಯಿತು ಅಂತ ಬಹಳ ಹೊತ್ತಿನ ಮೇಲೆ ಅವನೇ ಹೇಳುತ್ತಾನೆ. ಆಗ ಅದೇ ದೃಶ್ಯ ತಲೆಕೆಳಗಾಗುತ್ತದೆ. ಮುಂದಿನ ಕಥೆ 1999ರಲ್ಲಿ. ಅಷ್ಟು ವರ್ಷ ಕಳೆದರೂ ಸ್ಕಡರ್ ಸಭೆಗೆ ಹೋಗುವುದನ್ನು ಬಿಟ್ಟಿಲ್ಲ. ಕೇಸು ಸಿಗುವುದೂ ಸಭೆಯಲ್ಲಿ ಪರಿಚಯವಾದವನ ಮೂಲಕವೇ.

ಆ ಸಭೆಗಳು ಆಲ್ಕೋಹಾಲಿಕ್ಸ್ ಅನಾನಿಮಸ್‌ನವು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಶುರು ಮಾಡಿದ್ದು. ಬಾಬ್ ಸರ್ಜನ್. ಅವರ ಕೊನೆಯ ಕುಡಿತದ ಕಥೆ ಆ ಸಂಘದಲ್ಲಿ ಎಲ್ಲರಿಗೂ ಗೊತ್ತು. ಜೂನ್ 10ರ ಬೆಳಿಗ್ಗೆ ಆಪರೇಷನ್ ಮಾಡಬೇಕಿತ್ತು, ಕೈ ನಡುಗುತ್ತಿತ್ತು. ನಡುಕ ನಿಲ್ಲಲಿ ಅಂತ ಬಿಲ್ ಅವರೇ ಒಂದು ಬಿಯರ್ ಕೊಟ್ಟರು. ಅದೇ ಕೊನೆ. ಸಿನಿಮಾದವರು ಮರೆಯುವ ಕೈ ನಡುಕ ಆ ಸಂಘದ ಹುಟ್ಟಿನಲ್ಲೇ ಇದೆ.

ಅಣ್ಣ ಬಿಟ್ಟದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರದಲ್ಲಿ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೇ ಸೇರಿ ಕೂರುತ್ತಾರೆ. ಅಲ್ಲಿ ಭಜನೆ ಇರುತ್ತದೆ, ಸ್ಕಡರ್ ಹೋಗುವ ನ್ಯೂಯಾರ್ಕಿನ ಸಭೆಯಲ್ಲಿ ಅದಿಲ್ಲ. ಉಳಿದದ್ದೆಲ್ಲ ನಮ್ಮ ಹಾಗೇ ಇದೆ ಅಂತ ಅಣ್ಣನಿಗೆ ಬಹಳ ಖುಷಿ. ಮಡಚುವ ಕುರ್ಚಿ, ಎದ್ದು ನಿಂತು ಹೆಸರು ಹೇಳುವುದು, ಹೇಳಬೇಕಾದ್ದನ್ನು ಹೇಳದೆ ಕೂತುಬಿಡುವುದು. ಸ್ಕಡರ್ ಒಂದು ಸಭೆಯಲ್ಲಿ ತನ್ನ ಕಥೆಯನ್ನು ಅರ್ಧ ಮಾತ್ರ ಹೇಳುತ್ತಾನೆ. “ಅವನು ಪೂರ್ತಿ ಹೇಳ್ಲಿಲ್ಲ, ನೋಡು” ಅಂತ ಅಣ್ಣ ಕೂಡಲೇ ಹಿಡಿದ. ನನಗೆ ಗೊತ್ತಾಗಿರಲಿಲ್ಲ.

ಒಂದು ವಿಷಯದಲ್ಲಿ ನನಗೂ ಅಣ್ಣನಿಗೂ ಹೊಂದಲಿಲ್ಲ. ಕೊನೆಯಲ್ಲಿ ಸ್ಮಶಾನದಲ್ಲಿ ಗುಂಡು ಹಾರುವಾಗ, ಹಿನ್ನೆಲೆಯಲ್ಲಿ ಕುಡಿತ ಬಿಡಲು ಆ ಸಂಘದವರು ಪಾಲಿಸುವ 12 ಹೆಜ್ಜೆಗಳನ್ನು ಓದಿಸಿದ್ದಾರೆ. ಅಣ್ಣನಿಗೆ ಮೈ ಜುಂ ಅಂದಿತಂತೆ. ನನಗೆ ಸಿಟ್ಟು ಬಂತು. ಎಷ್ಟೋ ಜನ ಜೀವ ಹಿಡಿದುಕೊಂಡಿರುವ ಮಾತುಗಳನ್ನು ಗುಂಡಿನ ಸದ್ದಿಗೆ ತಾಳ ಮಾಡಬಾರದಿತ್ತು. ಇನ್ನೊಂದು ಎಚ್ಚರಿಕೆ. ಈ ಸಿನಿಮಾದಲ್ಲಿ ಹೆಂಗಸರ ಮೇಲಿನ ಕ್ರೌರ್ಯ ವಿಪರೀತ ಇದೆ. ಅತ್ತಿಗೆ ಅರ್ಧಕ್ಕೇ ಎದ್ದು ಹೋದರು. ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ.

ಕನ್ನಡದಲ್ಲಿ ‘ಕವಲುದಾರಿ’ ಇದೆ. 2019, ಹೇಮಂತ್ ರಾವ್ ನಿರ್ದೇಶನ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಮೊದಲ ಸಿನಿಮಾ. ರಸ್ತೆ ಅಗೆಯುವಾಗ ಸಿಕ್ಕ ಮೂಳೆಗಳ ಹಿಂದೆ ಬೀಳುವ ಟ್ರಾಫಿಕ್ ಪೊಲೀಸ್ ಆಗಿ ರಿಷಿ. ಆ ಹಳೆಯ ಕೇಸನ್ನು ಹಿಂದೆ ನೋಡಿದ್ದ ನಿವೃತ್ತ ಅಧಿಕಾರಿ ಮುತ್ತಣ್ಣನಾಗಿ ಅನಂತ್ ನಾಗ್. ಅನಂತ್ ನಾಗ್ ಸಣ್ಣವರಿದ್ದಾಗ ನಮ್ಮದೇ ಜಿಲ್ಲೆಯ ಶಿರಾಲಿಯ ಚಿತ್ರಾಪುರದಲ್ಲಿ ಓದಿದವರು. ಈ ಕಡೆಯವರಿಗೆ ಅವರ ಮೇಲೆ ಒಂದು ಕೈ ಜಾಸ್ತಿಯೇ ಪ್ರೀತಿ. ಒಂಟಿಯಾಗಿ ಕುಡಿಯುವ ಮುದುಕನ ಪಾತ್ರವನ್ನು ಅವರು ಸ್ವಲ್ಪವೂ ಅತಿ ಮಾಡದೆ ನಿಭಾಯಿಸಿದ್ದಾರೆ. ತೂರಾಟ ಇಲ್ಲ, ತೊದಲು ಇಲ್ಲ. ಯಾರೂ ಬರುವುದಿಲ್ಲ ಅಂತ ಗೊತ್ತಿರುವ ಮನೆಯ ಒಂದು ಗಡಸುತನ ಮಾತಿನಲ್ಲಿದೆ. ಕುಡಿತ ಈ ಕಥೆಯ ಒಂದು ಅಂಚು ಮಾತ್ರ. ಅದನ್ನೇ ನಡುವಿಗೆ ತಂದು ಕನ್ನಡದಲ್ಲಿ ಯಾರಾದರೂ ಒಂದು ಪತ್ತೇದಾರಿ ಸಿನಿಮಾ ಮಾಡಬೇಕು ಅಂತ ನನಗೆ ಬಹಳ ಆಸೆ. ಅನಂತ್ ನಾಗ್ ಅವರಂಥ ನಟರು ಇರುವಾಗಲೇ ಮಾಡಬೇಕು.

ಎಲ್ಲಕ್ಕಿಂತ ಮೇಲೆ ನಾನು ಇಡುವುದು ‘ಪ್ರೈಮ್ ಸಸ್ಪೆಕ್ಟ್: ದಿ ಫೈನಲ್ ಆ್ಯಕ್ಟ್’. ಟಿವಿಗೆ ಅಂತ ಮಾಡಿದ್ದು, 2006, ಎರಡು ಭಾಗ. 1991ರಲ್ಲಿ ಶುರುವಾದ ಸರಣಿಯ ಕೊನೆಯ ಕಂತು. ಹೆಲೆನ್ ಮಿರೆನ್ ಇದರಲ್ಲಿ ಜೇನ್ ಟೆನಿಸನ್, ಲಂಡನ್ನಿನ ಹಿರಿಯ ಪೊಲೀಸ್ ಅಧಿಕಾರಿ. ನಿವೃತ್ತಿ ಹತ್ತಿರ ಬಂದಿದೆ. ಅಪ್ಪ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾರೆ. ಒಬ್ಬಳು ಹುಡುಗಿ ಕಾಣೆಯಾಗಿದ್ದಾಳೆ. ಮನೆಗೆ ಬಂದರೆ ಬಾಟಲಿ ಬಿಟ್ಟು ಯಾರೂ ಇಲ್ಲ.

ಇದರಲ್ಲಿ ಕುಡಿತ ತನಿಖೆಗೇ ಅಡ್ಡ ಬರುತ್ತದೆ. ಕೈಕೆಳಗಿನವರಿಗೆ ಗೊತ್ತಾಗುತ್ತದೆ. ವಾಸನೆ ಬರುತ್ತದೆ. ಮೊದಲಾಗಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದದ್ದನ್ನು ಕಣ್ಣೆದುರೇ ಇದ್ದರೂ ಬಿಡುತ್ತಾಳೆ. ಕುಡಿದರೂ ಜಾಣತನ ಉಳಿಯುತ್ತದೆ ಅನ್ನುವ ಸುಳ್ಳನ್ನು ಈ ಸಿನಿಮಾ ಹೇಳುವುದಿಲ್ಲ. ಕೊನೆಗೆ ಸಭೆಗೆ ಹೋಗುತ್ತಾಳೆ. ಅಲ್ಲಿ ಕೂತಿರುವವನು ಬಿಲ್ ಆಟ್ಲಿ. ಮೊದಲ ಸರಣಿಯಲ್ಲಿ, ಹೆಂಗಸಿನ ಕೈಕೆಳಗೆ ಕೆಲಸ ಮಾಡಬೇಕಾಯಿತಲ್ಲ ಅಂತ ಇವಳಿಗೆ ಇನ್ನಿಲ್ಲದ ಕಾಟ ಕೊಟ್ಟ ಸಾರ್ಜೆಂಟ್. ಈಗ ಅವನೂ ಬಿಟ್ಟವನು. ಅವಳ ಹತ್ತಿರ ಕ್ಷಮೆ ಕೇಳುತ್ತಾನೆ. ಟಾಮ್ ಬೆಲ್ ಆ ಪಾತ್ರ ಮಾಡಿದ್ದಾರೆ. ಇದು ಪ್ರಸಾರವಾಗುವ ಸ್ವಲ್ಪ ಮೊದಲು ತೀರಿಹೋದರು. ಆ ಇಬ್ಬರು ಮಾತಾಡುವ ದೃಶ್ಯಕ್ಕೆ ಅಣ್ಣ ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಿದ. ಮಿರೆನ್ ಅವರಿಗೆ ಈ ಪಾತ್ರಕ್ಕೆ 2007ರಲ್ಲಿ ಎಮ್ಮಿ ಪ್ರಶಸ್ತಿ ಬಂತು.

ಕುಡಿಯುವ ಹೆಂಗಸರು ನಮ್ಮ ಕಡೆ ಆಸ್ಪತ್ರೆಗೆ ಬರುವುದೇ ಕಡಿಮೆ. ಬಂದರೂ ಹೊಟ್ಟೆನೋವು ಅಂತ ಬರೆಸುತ್ತಾರೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡೇ ಕಾಯಿಲೆ ಬೆಳೆಸಿಕೊಳ್ಳುತ್ತಾರೆ. ಅದಕ್ಕೇ ಟೆನಿಸನ್ ಮತ್ತು ರೇಚಲ್ ಇಬ್ಬರೂ ನನಗೆ ಗಂಡಸರ ಕಥೆಗಳಿಗಿಂತ ಜಾಸ್ತಿ ಬೇಕಾದವರು.

ಸಿನಿಮಾ ನೋಡಿದ ಹುರುಪಿನಲ್ಲಿ ಯಾರಾದರೂ ನಾಳೆಯಿಂದ ಒಂದು ತೊಟ್ಟೂ ಮುಟ್ಟುವುದಿಲ್ಲ ಅಂದರೆ ಮನೆಯವರು ದಯವಿಟ್ಟು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದಿನಾ ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು, ಔಷಧಿ ಬೇಕಾಗುತ್ತದೆ. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ 14446ಕ್ಕೆ ಫೋನ್ ಮಾಡಿ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡಿಲ್ಲ.

‘ದಿ ಫೈನಲ್ ಆ್ಯಕ್ಟ್’ ಹತ್ತಿರ ಹತ್ತಿರ ಮೂರು ಗಂಟೆ ಇದೆ. ಒಂದು ರಾತ್ರಿಗೆ ಒಂದು ಭಾಗ ಸಾಕು. ಹಿಂದಿನ ಸರಣಿಗಳನ್ನು ನೋಡಿರಲೇಬೇಕು ಅಂತಿಲ್ಲ, ಮೊದಲನೆಯದನ್ನು ನೋಡಿದ್ದರೆ ಆಟ್ಲಿಯ ತೂಕ ಗೊತ್ತಾಗುತ್ತದೆ. ಲಂಡನ್ನಿನವರ ಮಾತು ಬೇಗ ಓಡುತ್ತದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಸಬ್‌ಟೈಟಲ್ ಓದಲು ಕಷ್ಟಪಡುವ ಅಮ್ಮನೋ ಅತ್ತೆಯೋ ಜೊತೆಗಿದ್ದರೆ ‘ಕವಲುದಾರಿ’ಯಿಂದ ಶುರು ಮಾಡಿ.